ಕುಟುಂಬ ಸಮಾಲೋಚನೆಯಲ್ಲಿ ಕಲೆಯ ಸ್ಥಾನ

ಮನಸ್ಸು ನೊಂದವರಿಗೆ ಔಷಧದೊಡನೆ ಆಪ್ತಸಮಾಲೋಚನೆಯೂ ಅವಶ್ಯವೆಂಬುದನ್ನು ಈಗ ವೈದ್ಯರೂ ಸರ್ಕಾರದವರೂ ಒಪ್ಪಿದ್ದಾರೆ. ಆದರೆ ಸಮಾಲೋಚನೆಯೆಂದರೆ ಎದುರುಬದುರಾಗಿ ಕುಳಿತು ಮಾತನಾಡುವುದಷ್ಟೆ ಎಂಬ ಭಾವನೆ ಇನ್ನೂ ಬಲವಾಗಿದೆ. ಶಿರಾಡಿ ಘಟ್ಟದ ತಲೆಯಲ್ಲಿರುವ ಹೆಗ್ಗದ್ದೆಯೇ ಮೊದಲಾಗಿ ಸಕಲೇಶಪುರ ಆಲೂರು ತಾಲ್ಲೂಕುಗಳ ಮಲೆಸೀಮೆಯಲ್ಲಿ ಈ ಭಾವನೆಯಿಂದ ಆಗುತ್ತಿರುವ ನಷ್ಟವೇನು, ಅದಕ್ಕೆ ಪರಿಹಾರವೇನು ಎಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ಈ ಸೀಮೆಯವರ ಮನಸ್ಸಿನ ಮೇಲೆ ಬಿದ್ದಿರುವ ಭಾರ ಸಾಮಾನ್ಯವಾದುದಲ್ಲ. 2018ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಗುಡ್ಡಗಳು ಕುಸಿದು ಘಟ್ಟದ ರೈಲುಮಾರ್ಗವೇ ತಿಂಗಳುಗಟ್ಟಲೆ ನಿಂತುಹೋಯಿತು. ಕಾಡಾನೆಗಳ ಹಾವಳಿಯಂತೂ ದಶಕಗಳಿಂದ ತೀರದ ಸಂಕಟ. 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅದು ನಿಲ್ಲಲಿಲ್ಲ. ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಕಾಡಾನೆಗೆ ಬಲಿಯಾದುದನ್ನು ನಾಡೆಲ್ಲ ನೋಡಿತು. ಇದರ ಮೇಲೆ ಸಾಲ, ಕುಡಿತ, ಪಾಲುವಿವಾದಗಳು ಬೇರೆ.

ಇಂತಹ ಮನೆಯವರು ಆಸ್ಪತ್ರೆಗೆ ಬಂದಾಗ ನಡೆಯುವುದೇನು? ‘ತೊಂದರೆ ಏನು’ ಎಂದು ಕೇಳಿದರೆ ಎಲ್ಲರ ಪರವಾಗಿ ಯಜಮಾನನೇ ಉತ್ತರ ಹೇಳುತ್ತಾನೆ. ಮಾವನ ಎದುರಿಗೆ ಸೊಸೆ ಬಾಯಿ ತೆರೆಯಳು. ಅಪ್ಪನ ಮುಖ ನೋಡದೆ ಮಗು ಉಸಿರೆತ್ತದು. ಲೈನುಮನೆಯ ಕೂಲಿಯವನು, ತನ್ನ ಮಾತು ರೈಟರ ಕಿವಿಗೆ ಬಿದ್ದರೆ ಗತಿಯೇನೆಂದು ತಲೆ ತಗ್ಗಿಸುತ್ತಾನೆ. ನಮ್ಮ ಮನೆಗಳಲ್ಲಿ ಮಾತಿಗೆ ಹಿರಿತನದ ಸರದಿ ಇದೆ. ನೋವಿಗೆ ಆ ಸರದಿ ಇಲ್ಲ. ಹೆಚ್ಚು ನೊಂದವರೇ ಕಡೆಯ ಸಾಲಿನಲ್ಲಿ ಉಳಿಯುವುದುಂಟು. ಬರಿಯ ಮಾತನ್ನೇ ನೆಚ್ಚಿದ ಸಮಾಲೋಚನೆ ಅವರನ್ನು ಮುಟ್ಟಲಾರದು.

ಇಲ್ಲಿ ಚಿತ್ರ, ಮಣ್ಣು, ಹಾಡು, ಅಭಿನಯಗಳು ನೆರವಿಗೆ ಬರುತ್ತವೆ. ಇದು ಹೊಸ ಹುಚ್ಚೇನೂ ಅಲ್ಲ. ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತಿದ್ದಾಗ ಚಿತ್ರಕಲೆಯ ಗುಣವನ್ನು ಅನುಭವಿಸಿದ ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ 1942ರಲ್ಲಿ ಇದಕ್ಕೆ ಕಲಾಚಿಕಿತ್ಸೆಯೆಂಬ ಹೆಸರಿಟ್ಟನು. ಹಾನ್ನಾ ಕ್ವಿಯಾಟ್ಕೋವ್ಸ್ಕಾ ಎಂಬಾಕೆ 1958ರಿಂದ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಡೀ ಕುಟುಂಬವನ್ನೇ ಕೂರಿಸಿ ಚಿತ್ರ ಬರೆಯಿಸುವ ಕ್ರಮವನ್ನು ರೂಪಿಸಿದಳು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚಿನ ಅಧ್ಯಯನಗಳನ್ನು ಪರಾಮರ್ಶಿಸಿ, ಆರೋಗ್ಯರಕ್ಷಣೆಯಲ್ಲಿಯೂ ಚಿಕಿತ್ಸೆಯಲ್ಲಿಯೂ ಕಲೆಗೆ ಪಾತ್ರವುಂಟೆಂದು ವರದಿಮಾಡಿತು.

ಇದರ ರೀತಿ ಸರಳವಾದುದು. ಮನೆಮಂದಿಯ ನಡುವೆ ಒಂದು ದೊಡ್ಡ ಕಾಗದವನ್ನು ಹಾಸಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣವನ್ನು ಕೊಟ್ಟು, ಮಾತಿಲ್ಲದೆ ಎಲ್ಲರೂ ಕೂಡಿ ಒಂದು ಮನೆಯನ್ನು ಬರೆಯಿರೆಂದು ಹೇಳುತ್ತಾರೆ. ಯಾರು ಮೊದಲು ಗೆರೆ ಎಳೆದರು, ಯಾರು ಇನ್ನೊಬ್ಬರ ಗೆರೆಯ ಮೇಲೆ ಬಳಿದರು, ಯಾರು ಮೂಲೆಯಲ್ಲಿಯೇ ಉಳಿದರು ಎಂಬುದು ಬಣ್ಣದಿಂದಲೇ ಎಲ್ಲರ ಕಣ್ಣಿಗೂ ಕಾಣುತ್ತದೆ. ಬಳಿಕ ಸಮಾಲೋಚಕರು ಒಬ್ಬೊಬ್ಬರನ್ನೂ, ಕಿರಿಯರಿಂದ ಮೊದಲುಮಾಡಿ, ‘ನಿಮಗೆ ಏನೆನ್ನಿಸಿತು’ ಎಂದು ವಿಚಾರಿಸುತ್ತಾರೆ. ಯಜಮಾನನನ್ನು ದೂರಲು ಅಂಜುವ ಹೆಣ್ಣುಮಗಳು ‘ಈ ಹಸುರು ಗೆರೆಗೆ ಜಾಗವೇ ಸಿಕ್ಕಲಿಲ್ಲ’ ಎನ್ನಬಲ್ಲಳು. ದೂರು ಕಾಗದದ ಮೇಲಿರುವುದರಿಂದ ಮಾನಕ್ಕೆ ಧಕ್ಕೆಯಿಲ್ಲದೆ ಮಾತು ಮೊದಲಾಗುತ್ತದೆ.

ಗುಂಪಿನಲ್ಲಿಯೂ ಇದೇ ನ್ಯಾಯ. ಆನೆಗೆ ಅಂಜಿದ ಮಕ್ಕಳ ಕೈಯಲ್ಲಿ ಶಾಲೆಯ ದಾರಿಯನ್ನು ಬರೆಯಿಸಬಹುದು. ಕುಡುಕರ ಮನೆಯ ಹೆಂಗಸರು ಗದ್ದೆಯ ಜೇಡಿಮಣ್ಣಿನಲ್ಲಿ ತಮ್ಮ ಸಂಜೆಯ ರೂಪವನ್ನು ಮಾಡಿ ತೋರಿಸಬಹುದು. ತನ್ನ ಸಂಕಟ ಇನ್ನೊಬ್ಬರ ಕೈಯಲ್ಲಿಯೂ ಮೂಡಿದುದನ್ನು ಕಂಡವರ ಒಂಟಿತನ ಅರ್ಧ ಇಳಿಯುತ್ತದೆ. ಮೈಸೂರಿನಲ್ಲಿ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಬಂದಿಗಳಿಂದ ನಾಟಕಗಳನ್ನು ಆಡಿಸಿದರು. ಅದು ರಂಗಪ್ರಯೋಗ, ಚಿಕಿತ್ಸೆಯಲ್ಲ. ಆದರೂ ಸಮಾಜ ಕೈಬಿಟ್ಟವರು ಕೂಡಿ ಕೆಲಸಮಾಡಿ ತಲೆಯೆತ್ತಿ ನಿಲ್ಲಬಲ್ಲರೆಂಬುದಕ್ಕೆ ಅದು ನಮ್ಮ ನಾಡಿನದೇ ಸಾಕ್ಷಿ.

ಕೆಲವರು, ‘ನಮ್ಮಲ್ಲಿ ಸುಗ್ಗಿಯ ಕುಣಿತವಿಲ್ಲವೆ, ಸೋಬಾನೆಯಿಲ್ಲವೆ, ರಂಗೋಲೆಯಿಲ್ಲವೆ? ಇದು ಬೇರೆ ಏಕೆ?’ ಎನ್ನಬಹುದು. ಇವುಗಳ ಮೇಲೆ ನಮಗೂ ಅಭಿಮಾನವುಂಟು. ಸಮಾಲೋಚಕರು ಪರಿಚಿತವಾದ ಇವುಗಳಿಂದಲೇ ತೊಡಗುವುದು ಲೇಸು. ಆದರೆ ಹಬ್ಬದಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಮೊದಲೇ ಗೊತ್ತುಪಡಿಸಿರುತ್ತದೆ. ಸಮಾಲೋಚನೆಯ ಕೊಠಡಿಯಲ್ಲಿ ಆ ಸರದಿಯನ್ನು ಒಂದು ಗಳಿಗೆ ಬದಿಗಿಡಬೇಕು, ಅಲ್ಲದಿದ್ದರೆ ಫಲವಿಲ್ಲ.

ಮತ್ತೊಂದು ಎಚ್ಚರಿಕೆಯೂ ಅವಶ್ಯ. ಮಗು ಕಪ್ಪು ಬಣ್ಣ ಬಳಿದ ಮಾತ್ರಕ್ಕೆ ಅದಕ್ಕೆ ಇಂತಹ ರೋಗವೆಂದು ಹೇಳುವುದು ಶಾಸ್ತ್ರವಲ್ಲ, ಶಕುನ ನೋಡುವುದು. ಚಿತ್ರದ ಅರ್ಥವನ್ನು ಹೇಳತಕ್ಕವರು ಬರೆದವರೇ. ಭಯಗೊಂಡವರನ್ನು ಆ ಭಯದ ಸಂಗತಿಯನ್ನೇ ಬರೆಯೆಂದು ಬಲವಂತಪಡಿಸಕೂಡದು. ಆ ಕಾಗದಗಳನ್ನು ಶಾಲೆಯ ಗೋಡೆಗೆ ಅಂಟಿಸುವುದೂ, ಬಹುಮಾನ ಕೊಡುವುದೂ, ಮೊಬೈಲಿನಲ್ಲಿ ಹರಡುವುದೂ ವಿಶ್ವಾಸದ್ರೋಹವೇ ಸರಿ. ರೋಗಿಯ ಗೋಪ್ಯತೆಯ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾನೂನೇ ಕಾಪಾಡಿದೆ. ತೀವ್ರ ಕಾಯಿಲೆಗೆ ವೈದ್ಯರ ಔಷಧ ಬೇಕೇ ಬೇಕು. ಮನೆಯಲ್ಲಿ ಹೊಡೆತಕ್ಕೆ ಸಿಕ್ಕಿರುವ ಹೆಂಗಸಿಗೆ ಮೊದಲು ಬೇಕಾದುದು ರಕ್ಷಣೆ. ಹೊಡೆಯುವವನ ಪಕ್ಕದಲ್ಲಿ ಆಕೆಯನ್ನು ಕೂರಿಸಿ ಚಿತ್ರ ಬರೆಯಿಸುವುದು ಅನ್ಯಾಯ.

ಆದಕಾರಣ ಈ ಕೆಲಸ ಶಿಕ್ಷಣ ಹೊಂದಿದವರ ಕೈಯಲ್ಲಿರಬೇಕು. ಅದಕ್ಕೆ ಬೇಕಾದ ಮೂಲಗಳು ನಮ್ಮಲ್ಲಿಯೇ ಇವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಹುಟ್ಟಿದುದೇ 1985ರಲ್ಲಿ, ನಮ್ಮ ಬಳ್ಳಾರಿಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕುಟುಂಬ ಮನೋವೈದ್ಯ ಕೇಂದ್ರವು ಮನೆಯವರನ್ನು ಕೂಡಿಸಿಕೊಂಡೇ ಉಪಚರಿಸುವುದರಲ್ಲಿ ಪಳಗಿದುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ದೊರೆಯುವಂತೆ 2014ರಲ್ಲಿ ಮನೋಚೈತನ್ಯ ಯೋಜನೆಯನ್ನು ರಾಜ್ಯಸರ್ಕಾರವೇ ಆರಂಭಿಸಿತು. ದೂರವಾಣಿಯಲ್ಲಿ ಸಲಹೆ ಬೇಡುವವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಇದೆ. ಆದರೆ ಅಪ್ಪನ ಎದುರಿಗೆ ಮಾತನಾಡಲಾರದ ಮಗು ದೂರವಾಣಿಯಲ್ಲಿ ಮಾತನಾಡೀತೆ?

ನಮ್ಮ ಸಲಹೆ ಇಷ್ಟು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರು ನಿಮ್ಹಾನ್ಸಿನ ನೆರವಿನಿಂದ ಪ್ರತಿ ತಾಲ್ಲೂಕಿಗೆ ಒಬ್ಬಿಬ್ಬರು ಸಮಾಲೋಚಕರನ್ನು ಈ ಕ್ರಮದಲ್ಲಿ ತರಬೇತುಗೊಳಿಸಲಿ. ಆಶಾ ಕಾರ್ಯಕರ್ತೆಯರೂ ಶಾಲೆಯ ಚಿತ್ರಕಲಾ ಉಪಾಧ್ಯಾಯರೂ ಅವರ ಕೈಕೆಳಗೆ ಸಹಾಯಕರಾಗಿರಲಿ. ಗ್ರಾಮಪಂಚಾಯಿತಿಯವರು ತಿಂಗಳಿಗೊಂದು ದಿನ, ಹೊರಗಿನವರು ಇಣುಕದಂತಹ ಒಂದು ಕೊಠಡಿಯನ್ನು ಬಿಟ್ಟುಕೊಡಲಿ. ತೋಟದ ಮಾಲೀಕರು ಅಲ್ಲಿಗೆ ಹೋಗುವ ಕೂಲಿಯವರ ಅರ್ಧ ದಿನದ ಕೂಲಿಯನ್ನು ಕಡಿಯದಿರಲಿ. ಬಣ್ಣ ಕಾಗದಗಳ ವೆಚ್ಚ ಅಲ್ಪ. ಬೇಕಾಗಿರುವುದು ನುರಿತ ಜನ ಮತ್ತು ಅವರ ಸಂಬಳ. ಆನೆ ತುಳಿದ ಕಾಫಿಗಿಡಕ್ಕೂ ಬತ್ತದ ಪೈರಿಗೂ ಲೆಕ್ಕ ಹಾಕಿ ಪರಿಹಾರ ಕೊಡುವ ಸರ್ಕಾರವು, ಅದೇ ರಾತ್ರಿ ಬೆದರಿ ಮಾತು ನಿಂತ ಮಗುವನ್ನೂ ತನ್ನ ಲೆಕ್ಕಕ್ಕೆ ಸೇರಿಸಬೇಕು. ಮುಂದಿನ ಆಯವ್ಯಯದಲ್ಲಿ ಇದಕ್ಕೆ ಒಂದು ಬಾಬನ್ನು ತೆರೆಯಬೇಕೆಂದು ಜಿಲ್ಲಾಡಳಿತವನ್ನೂ ಈ ಸೀಮೆಯ ಶಾಸಕರನ್ನೂ ಒತ್ತಾಯಪಡಿಸುತ್ತೇವೆ.