ಒಂದೇ ಮುಖದ ಇಬ್ಬರು ವೀರರು

ಜಯನಗರದ ಕಾಲೇಜೊಂದರಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು, “ಬಭ್ರುವಾಹನನ ಕಾಳಗ ಸಿನಿಮಾದಲ್ಲಿಯೇ ಚೆನ್ನಾಗಿದೆಯಲ್ಲವೇ?” ಎಂದು ಕೇಳಿದನು. ಪಂಡಿತರಾದರೆ ನಕ್ಕುಬಿಡುತ್ತಿದ್ದರೇನೋ, ನನಗೆ ನಗಲಾಗಲಿಲ್ಲ.

ಕಾವ್ಯದ ಬಭ್ರುವಾಹನನು ಯುದ್ಧಾಕಾಂಕ್ಷಿಯಲ್ಲ. ತಾನು ಕಟ್ಟಿದ ಯಜ್ಞಾಶ್ವವನ್ನು ಕಾಣಿಕೆಗಳೊಡನೆ ಮರಳಿ ತಂದು ತಂದೆಯ ಕಾಲಿಗೆರಗುತ್ತಾನೆ. ಅರ್ಜುನನೋ ಅವನನ್ನು ಒದೆದು, ಹುಟ್ಟನ್ನೇ ಹಳಿಯುತ್ತಾನೆ. ಕಾಳಗ ಹೊತ್ತಿಕೊಂಡುದು ತಾಯಿಯ ಮಾನಕ್ಕೆ ತಗುಲಿದ ಆ ನುಡಿಯಿಂದ. ಆದರೆ ವಾರ್ಧಕ ಷಟ್ಪದಿಯ ಓಟದಲ್ಲಿ ಸೇನೆ ಸೇನೆಗಳು ಕವಿದು, ಕರ್ಣನ ಮಗ ವೃಷಕೇತು ಮಡಿದು, ಬಹಳ ಹೊತ್ತಿನ ಮೇಲೆ ಪಾರ್ಥನ ತಲೆ ಉರುಳುವಾಗ ಆ ನುಡಿ ನಮ್ಮ ಕಿವಿಯಿಂದ ದೂರವಾಗಿರುತ್ತದೆ.

ಹುಣಸೂರು ಕೃಷ್ಣಮೂರ್ತಿಯವರ 1977ರ ‘ಬಭ್ರುವಾಹನ’ ಚಿತ್ರವು ಜಗಳವನ್ನು ಮಾತಿನಲ್ಲಿಯೇ ಹಿಡಿದು ನಿಲ್ಲಿಸಿತು. ತಂದೆ ಮಗ ಇದಿರುಬದಿರಾಗಿ ಹಾಡಿನಲ್ಲಿಯೇ ಒಬ್ಬರನ್ನೊಬ್ಬರು ಇರಿಯುತ್ತಾರೆ. ತಾಳಮದ್ದಲೆ ಕೇಳಿದವರಿಗೆ ಇದು ಹೊಸತಲ್ಲ. ಹೊಸತೆಂದರೆ, ಎರಡು ಪಾತ್ರಕ್ಕೂ ರಾಜಕುಮಾರರೇ. ಕೊರಳು ಮಾತ್ರ ಎರಡು, ಒಂದು ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸರದು. ನೀನು ನನ್ನ ಮಗನಲ್ಲವೆನ್ನುವ ತಂದೆಯ ಮಾತನ್ನು ಅವನ ಮುಖವೇ ಸುಳ್ಳುಮಾಡುತ್ತಿದೆ! ಲಕ್ಷ್ಮೀಶನ ಅಕ್ಷರಕ್ಕೆ ಈ ಉಪಾಯ ಎಟುಕದು.

ಹಾಗೆಂದು ಸಿನಿಮಾವೇ ಮೇಲೆನ್ನಲಾರೆ. ಕವಿಯ ನಿಜವಾದ ಬಲ ಕಾಣುವುದು ಕಾಳಗ ಮುಗಿದ ಮೇಲೆ, ಗೆದ್ದು ಬಂದ ಮಗನ ಮುಂದೆ ಚಿತ್ರಾಂಗದೆ ಗೋಳಿಡುವಲ್ಲಿ. ಆ ಭಾಗವನ್ನು ಗಟ್ಟಿಯಾಗಿ ಓದಿಕೊಂಡು ಬಾ, ಆಮೇಲೆ ವಾದಿಸೋಣವೆಂದೆ. ಹುಡುಗ ಇನ್ನೂ ಬಂದಿಲ್ಲ.