ಮಾತಿಲ್ಲದ ಕುರಿಯೂ ಮೂರು ಮಾತಿನ ಮನೆಯೂ

ಕಳೆದ ಬೇಸಗೆಯಲ್ಲಿ ನಾವು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ, ಬಂಧುಗಳೊಬ್ಬರ ಮನೆಯಲ್ಲಿ, ನಾಲ್ಕು ದಿನ ತಂಗಿದ್ದೆವು. ರೇಷ್ಮೆಯ ಮನೆತನ. ಹುಳುಗಳು ನಾಲ್ಕನೆಯ ಜ್ವರವೆದ್ದು ಹಗಲಿರುಳೆನ್ನದೆ ಸೊಪ್ಪು ಮೇಯುತ್ತಿದ್ದ ಕಾಲವದು. ಹುಳುಮನೆಯ ಬಾಗಿಲಲ್ಲಿ ನಿಂತರೆ ಸಣ್ಣ ಮಳೆ ಹಿಡಿದಂತೆ ಸದ್ದು ಕೇಳುತ್ತಿದ್ದಿತು. ಅಂತಹ ದಿನಗಳಲ್ಲಿ ಆ ಮನೆಗಳವರಿಗೆ ಉಸಿರಾಡಲೂ ಬಿಡುವಿರುವುದಿಲ್ಲವೆಂಬುದನ್ನು ಆ ಕಡೆಯ ವಾಚಕರು ಬಲ್ಲರು. ಆದಕಾರಣ ಐದು ವರುಷದ ಹುಡುಗನೂ ಎಪ್ಪತ್ತು ದಾಟಿದ ಅವನ ಅಜ್ಜಿಯೂ ನಮ್ಮ ಪಾಲಿಗೆ ಬಂದರು.

ಅಜ್ಜಿಯ ಮಾತು ತೆಲುಗು. ಸೊಸೆ ತುಮಕೂರಿನ ಕಡೆಯವಳು, ಕನ್ನಡ. ಇದರಲ್ಲಿ ವಿಶೇಷವೇನೂ ಇಲ್ಲ. ಚಿಕ್ಕಬಳ್ಳಾಪುರ, ಗೌರೀಬಿದನೂರು, ಚಿಂತಾಮಣಿಗಳ ಸೀಮೆಯಲ್ಲಿ ಒಂದೇ ಪಡಸಾಲೆಯಲ್ಲಿ ಈ ಎರಡು ಭಾಷೆಗಳೂ ಅಕ್ಕತಂಗಿಯರಂತೆ ಬಾಳಿಕೊಂಡು ಬಂದಿವೆ. ಕೈವಾರದ ತಾತಯ್ಯನವರು ಎರಡರಲ್ಲಿಯೂ ಪದ ಕಟ್ಟಿದವರಲ್ಲವೆ? ಆದರೆ ಹುಡುಗನನ್ನು ಇಂಗ್ಲಿಷು ಶಾಲೆಗೆ ಸೇರಿಸಿದ್ದಾರೆ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡತಕ್ಕದ್ದೆಂದು ಶಾಲೆಯವರು ಹೇಳಿ ಕಳುಹಿಸಿದರಂತೆ. ತಾಯಿ ಹೆದರಿದಳು. “ಅತ್ತಮ್ಮ, ನೀವು ಹೀಗೆ ಮಾತಾಡುತ್ತ ಹೋದರೆ ಹುಡುಗನ ಇಂಗ್ಲಿಷು ಕೆಡುತ್ತದೆ” ಎಂದಳು. ಅಜ್ಜಿ ಎದುರಾಡಲಿಲ್ಲ, ಸುಮ್ಮನಾದರು. ನಾವು ಹೋದಾಗ ಈ ಮೌನಕ್ಕೆ ಒಂದು ವರುಷ ತುಂಬುತ್ತ ಬಂದಿದ್ದಿತು. ಹುಡುಗ ಅಜ್ಜಿಯ ಪಕ್ಕದಲ್ಲಿಯೇ ಉಣ್ಣುವನು, ಪಕ್ಕದಲ್ಲಿಯೇ ಮಲಗುವನು. ಆದರೆ ಇಬ್ಬರ ನಡುವೆ ಮಾತು ಹೆಚ್ಚೆಂದರೆ ಹತ್ತು. ಅವನ ಸಂಗಾತಿ ಮೊಬೈಲ್ ಫೋನು.

ಆ ಫೋನಿನಲ್ಲಿ ಅವನು ನೋಡುತ್ತಿದ್ದುದು ಒಂದು ಕುರಿಯ ಕಥೆ. ‘ಷಾನ್ ದ ಷೀಪ್’ ಎಂದು ಅದರ ಹೆಸರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಎಂಬ ಸಂಸ್ಥೆಯವರು ಮಾಡಿದುದು. ಒಂದು ಹೊಲಮನೆ, ಅಲ್ಲಿ ಕಣ್ಣು ಸರಿಯಾಗಿ ಕಾಣದ ಒಬ್ಬ ರೈತ, ಬಿಟ್ಜರ್ ಎಂಬ ಕಾವಲುನಾಯಿ, ಒಂದು ಕುರಿಮಂದೆ. ಮಂದೆಯಲ್ಲಿ ಷಾನ್ ಎಂಬ ಕುರಿ ಮಾತ್ರ ಚುರುಕುಬುದ್ಧಿಯದು. ರೈತ ಬೆನ್ನು ತಿರುಗಿಸಿದೊಡನೆ ಮಂದೆಯವರ ಚೇಷ್ಟೆ ಮೊದಲಾಗುವುದು. ಒಂದೊಂದು ಕಥೆಗೆ 7 ನಿಮಿಷ. ಇಷ್ಟರಲ್ಲಿ ಒಂದು ಸೋಜಿಗವುಂಟು: ಯಾರ ಬಾಯಿಂದಲೂ ಒಂದಾದರೂ ಮಾತು ಹೊರಡುವುದಿಲ್ಲ. ಕುರಿಗಳು ಅರಚುವುವು, ನಾಯಿ ಗುರುಗುಟ್ಟುವುದು. ಮನುಷ್ಯನಾದ ರೈತನೂ ಅರ್ಥವಿಲ್ಲದೆ ಗೊಣಗುವನೇ ಹೊರತು ನುಡಿಯುವುದಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾವು ಅಜ್ಜಿಯನ್ನೂ ಕರೆದು ಅದರ ಮುಂದೆ ಕುಳ್ಳಿರಿಸಿದೆವು. ಅವರು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ರೇಷ್ಮೆಗಿಂತ ಕುರಿಯೇ ಹೆಚ್ಚಾಗಿದ್ದುವಂತೆ. ಮೊದಲು ಐದು ನಿಮಿಷ ನೆಟ್ಟನೋಟದಿಂದ ನೋಡಿದರು. ಆಮೇಲೆ, ಕುರಿಗಳನ್ನು ಹೀಗೆ ಬಯಲಿನಲ್ಲಿ ಬಿಟ್ಟು ರೈತನು ಒಳಗೆ ಹೋಗಿ ಕೂತರೆ ತೋಳ ಬಾರದೇನೆಂದು ಕೇಳಿದರು. ತೋಳವೆಂದರೇನು ಎಂದು ಹುಡುಗ ಕೇಳಿದನು. ಅಷ್ಟೇ ಸಾಕಾಯಿತು. ರೊಪ್ಪಕ್ಕೆ ಮುಳ್ಳುಬೇಲಿ ಹಾಕುತ್ತಿದ್ದುದು, ಸುಗ್ಗಿಯಾದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿಯೆಲ್ಲ ಮಂದೆಯನ್ನು ನಿಲ್ಲಿಸುತ್ತಿದ್ದುದು, ತಾಯಿ ಸತ್ತ ಮರಿಗೆ ಬಟ್ಟೆಯ ಬತ್ತಿಯಿಂದ ಹಾಲೂಡಿದುದು, ಎಲ್ಲವೂ ಹೊರಬಂದುವು. ಆ ಚಿತ್ರದಲ್ಲಿ ಷರ್ಲಿ ಎಂದು ಮಹಾ ಸ್ಥೂಲವಾದ ಕುರಿಯೊಂದಿದೆ. ಅಜ್ಜಿ ಅದಕ್ಕೆ ತಮ್ಮ ಹಳೆಯ ಕುರಿಯೊಂದರ ಹೆಸರನ್ನೇ ಇಟ್ಟುಬಿಟ್ಟರು. ಹುಡುಗನ ಬಾಯಲ್ಲಿ ಕೂಡಲೇ ಒಂದು ಹೊಸ ಪದ ಹುಟ್ಟಿತು. ತೆಲುಗಿನ ಗೊರ್ರೆಯನ್ನೂ ಕನ್ನಡದ ಮರಿಯನ್ನೂ ಕೂಡಿಸಿ ‘ಗೊರ್ರೆಮರಿ’ ಎಂದನು. ವೈಯಾಕರಣರು ಒಪ್ಪಲಿಕ್ಕಿಲ್ಲ, ನಾವು ಒಪ್ಪಿದೆವು.

ಈ ಸಂಸ್ಥೆಯ ವೃತ್ತಾಂತವನ್ನು ಗೃಹಿಣಿಯರು ತಿಳಿದರೆ ಮೆಚ್ಚುವರು. ಪೀಟರ್ ಲಾರ್ಡ್, ಡೇವಿಡ್ ಸ್ಪ್ರಾಕ್ಸ್‌ಟನ್ ಎಂಬ ಇಬ್ಬರು ಶಾಲಾಮಿತ್ರರು ಅಡಿಗೆಮನೆಯ ಮೇಜಿನ ಮೇಲೆ ಆಟವಾಗಿ ಆರಂಭಿಸಿದ ಕೆಲಸವಿದು. 1972ರಲ್ಲಿ ಅದು ಸಂಸ್ಥೆಯಾಯಿತು. ಅವರ ಮೊದಮೊದಲ ತುಣುಕುಗಳನ್ನು ಕೊಂಡುಕೊಂಡುದು ಬಿ.ಬಿ.ಸಿ.ಯ ‘ವಿಷನ್ ಆನ್’ ಎಂಬ ಕಾರ್ಯಕ್ರಮ. ಕಿವಿ ಕೇಳದ ಮಕ್ಕಳೂ ನೋಡಿ ನಲಿಯಲೆಂದೇ ಅದನ್ನು ನಡೆಸುತ್ತಿದ್ದರು. ಮಾತಿನ ಹಂಗಿಲ್ಲದೆ ಕಥೆ ಹೇಳುವ ವಿದ್ಯೆ ಈ ಮನೆಗೆ ಅಲ್ಲಿಂದಲೇ ಅಂಟಿತೆಂದು ನಮಗೆ ತೋರುತ್ತದೆ. 1977ರಲ್ಲಿ ಅವರು ಹೊರತಂದ ಮಾರ್ಫ್ ಎಂಬ ಜೇಡಿಯ ಪುಟ್ಟ ಗೊಂಬೆಯೂ ತೊದಲುವುದೇ ಹೊರತು ಮಾತನಾಡುವುದಿಲ್ಲ. ಆಮೇಲೆ ಬಂದ ನಿಕ್ ಪಾರ್ಕ್ ಎಂಬವರು ವಾಲೆಸ್ ಎಂಬ ಗೃಹಸ್ಥನನ್ನೂ ಗ್ರಾಮಿಟ್ ಎಂಬ ಅವನ ನಾಯಿಯನ್ನೂ ಸೃಷ್ಟಿಸಿದರು. ಗ್ರಾಮಿಟ್ಟಿಗೆ ಬಾಯಿಯೇ ಇಲ್ಲ. ಹುಬ್ಬಿನ ಒಂದು ಏರಿಳಿತದಿಂದಲೇ ತನ್ನ ಯಜಮಾನನ ಮೂರ್ಖತನಕ್ಕೆ ಮರುಗುವುದು. ನಮ್ಮ ಷಾನ್ ಮೊದಲು ಕಾಣಿಸಿಕೊಂಡುದೂ ಆ ಜೋಡಿಯ ‘ಎ ಕ್ಲೋಸ್ ಷೇವ್’ ಎಂಬ ಚಿತ್ರದಲ್ಲಿ, 1995ರಲ್ಲಿ. ಅದಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಉಣ್ಣೆ ಕತ್ತರಿಸಿಕೊಂಡದ್ದು ಎಂಬರ್ಥದ ಇಂಗ್ಲಿಷು ಪದವೂ ಷಾನ್ ಎಂಬ ಹೆಸರೂ ಕಿವಿಗೆ ಒಂದೇ ಆಗಿ ಕೇಳುವುವು. ಈ ಶ್ಲೇಷೆ ಕನ್ನಡಕ್ಕೂ ಬಾರದು, ತೆಲುಗಿಗೂ ಬಾರದು; ಬಾರದೆ ಹೋದುದರಿಂದ ನಮ್ಮ ಹುಡುಗನಿಗೆ ನಷ್ಟವೇನೂ ಆಗಲಿಲ್ಲ. ಕುರಿಯದೇ ಕಥಾಮಾಲೆ 2007ರಲ್ಲಿ ಮೊದಲಾಯಿತು. ಕೋಲಾರದಿಂದ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದುದೂ ಅದೇ ವರುಷ; ಎರಡಕ್ಕೂ ಸಂಬಂಧವಿಲ್ಲ, ನೆನಪಿಗೆ ಬಂದುದರಿಂದ ಬರೆದೆವು.

ಕೆಲಸದ ಕ್ರಮ ಹೀಗೆ. ಗೊಂಬೆಯೊಳಗೆ ಲೋಹದ ಎಲುಬುಗೂಡು. ಅದನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯುವರು. ಕಾಲನ್ನು ಕೂದಲೆಳೆಯಷ್ಟು ಸರಿಸಿ ಮತ್ತೊಂದು. ಆ ದೇಶದ ಟೆಲಿವಿಷನ್ನಿನಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡಬೇಕು. ಒಂದು ಭಂಗಿಯನ್ನು ಎರಡು ಚಿತ್ರಗಳಿಗೆ ಹೊಂದಿಸಿಕೊಂಡರೂ 7 ನಿಮಿಷದ ಕಥೆಗೆ 5,000ಕ್ಕೆ ಮೇಲ್ಪಟ್ಟು ಸಲ ಗೊಂಬೆಗಳನ್ನು ಮುಟ್ಟಬೇಕಾಗುವುದು. ಒಬ್ಬ ಕುಶಲಿ ದಿನವೆಲ್ಲ ದುಡಿದರೆ ಕೆಲವೇ ಸೆಕೆಂಡುಗಳ ಆಟ ಸಿದ್ಧವಾಗುವುದು. ಗೂಡಿನಿಂದ ನೂಲು ಬಿಚ್ಚುವುದನ್ನು ಕಂಡ ಶಿಡ್ಲಘಟ್ಟದವರಿಗೆ ಈ ತಾಳ್ಮೆಯನ್ನು ನಾವು ವಿವರಿಸಬೇಕಾಗಿಲ್ಲ. 2005ರ ಅಕ್ಟೋಬರಿನಲ್ಲಿ ಈ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ಗೊಂಬೆಗಳೂ ರಂಗಸಜ್ಜುಗಳೂ ಬಹುಮಟ್ಟಿಗೆ ಸುಟ್ಟುಹೋದುವು. ಅದಕ್ಕೆ ಎರಡು ದಿನ ಮುಂಚೆ ಕಾಶ್ಮೀರದ ಕಡೆ ಘೋರವಾದ ಭೂಕಂಪವಾಗಿದ್ದಿತು. ಆ ಜನರ ದುಃಖದ ಮುಂದೆ ತಮ್ಮ ನಷ್ಟ ದೊಡ್ಡದಲ್ಲವೆಂದು ನಿಕ್ ಪಾರ್ಕ್ ಅವರು ಆಗ ಹೇಳಿದರು. ಮಕ್ಕಳಿಗಾಗಿ ಗೊಂಬೆ ಮಾಡುವವರ ಮನಸ್ಸು ಹೀಗಿರಬೇಕು.

ಮಾತಿಲ್ಲದುದರಿಂದ ಈ ಕುರಿ ಯಾವ ಅನುವಾದವೂ ಬೇಡದೆ 100ಕ್ಕೂ ಹೆಚ್ಚು ದೇಶಗಳನ್ನು ಸುತ್ತಿದೆ. ಮಾತುಳ್ಳ ಚಿತ್ರಗಳ ಗತಿ ನಮ್ಮ ನಾಡಿನಲ್ಲಿ ಏನಾಯಿತೆಂಬುದನ್ನೂ ಇಲ್ಲಿ ಹೇಳಬೇಕು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದ ಹಿರಿಯರು ಡಬ್ಬಿಂಗ್ ಚಿತ್ರಗಳು ಬೇಡವೆಂದು ಹೋರಾಡಿದರು. ಆಗ ಕನ್ನಡ ಚಿತ್ರರಂಗ ಎಳೆಯ ಸಸಿ. ಅವರ ಉದ್ದೇಶ ನಿರ್ಮಲವಾದುದು. ಆದರೆ ಆ ಬೇಲಿ ಬರೆದ ಕಾನೂನಿಲ್ಲದೆಯೇ ದಶಕಗಳ ಕಾಲ ನಿಂತು, ಕಡೆಗೆ ಮಕ್ಕಳ ಕಾರ್ಟೂನುಗಳಿಗೂ ಅಡ್ಡವಾಯಿತು. ಗೌರೀಬಿದನೂರಿನ ಹುಡುಗಿ ಹಿಂದಿಯಲ್ಲಿಯೋ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬೆಕ್ಕು ಇಲಿಗಳ ಕಥೆಯನ್ನು ಕೇಳಬಹುದಾಗಿದ್ದಿತು. ಕನ್ನಡದಲ್ಲಿ ಕೇಳಲು ಎಡೆಯಿರಲಿಲ್ಲ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಬೊಂಬೆಗಳು ಕನ್ನಡ ನುಡಿದುವು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು, ಡಬ್ಬಿಂಗನ್ನು ತಡೆಯುವುದು ಸಲ್ಲದೆಂದು ತೀರ್ಪಿತ್ತಿತು. ಕನ್ನಡವನ್ನು ಕಾಯುವುದಕ್ಕಾಗಿ ಕನ್ನಡದ ಕೂಸಿನ ಕಿವಿಯಿಂದಲೇ ಕನ್ನಡವನ್ನು ದೂರವಿಟ್ಟೆವೆಂಬುದು ನಮ್ಮ ಅಭಿಪ್ರಾಯ. ಹಿರಿಯರಾದ ವಾಚಕರಲ್ಲಿ ಕೆಲವರು ಇದಕ್ಕೆ ಒಪ್ಪದಿದ್ದರೆ ನಾವು ವಿಷಾದಪಡುವುದಿಲ್ಲ.

ಹಾಗಾದರೆ ಮಾತಿಲ್ಲದ ಕುರಿಯೇ ಮೇಲೆ? ಹಾಗಲ್ಲ. ಅದನ್ನು ಒಂಟಿಯಾಗಿ ನೋಡುತ್ತಿದ್ದ ಒಂದು ವರುಷದಲ್ಲಿ ನಮ್ಮ ಹುಡುಗ ಅದರಿಂದ ಒಂದು ಪದವನ್ನೂ ಕಲಿಯಲಿಲ್ಲ. ಚಿತ್ರ ಸುಮ್ಮನಿದ್ದಾಗ ಪಕ್ಕದಲ್ಲಿ ಹೇಳುವವರೊಬ್ಬರು ಬೇಕು. ನಮ್ಮ ತೊಗಲುಗೊಂಬೆಯಾಟದಲ್ಲಿ ನಡೆಯುವುದೂ ಇದೇ. ಹದಮಾಡಿದ ತೊಗಲಿಗೆ ಬಣ್ಣವಿಟ್ಟ ರಾಮ ರಾವಣರು ಬಿಳಿಯ ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಕುಣಿಯುವರು, ತಾವಾಗಿ ಏನನ್ನೂ ನುಡಿಯರು. ಎಲ್ಲರ ಪಾಲಿನ ಮಾತನ್ನೂ ಹಾಡನ್ನೂ ಆಡಿಸುವವರೇ ಹೇಳುವರು. ಗೌರೀಬಿದನೂರನ್ನೂ ಹಿಂದೂಪುರವನ್ನೂ ದಾಟಿ ಹೋದರೆ ಧರ್ಮಾವರದ ಹತ್ತಿರ ನಿಮ್ಮಲಕುಂಟ ಎಂಬ ಊರಿದೆ. ಅಲ್ಲಿಯ ತೊಗಲುಗೊಂಬೆಯ ಕಲಾವಿದರಾದ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಈ ಕಲೆಯ ಮನೆತನಗಳಲ್ಲಿ ಹಲವರ ಮನೆಮಾತು ಮರಾಠಿಯ ಒಂದು ಬಗೆ. ಆಟದ ಮಾತು ಮಾತ್ರ ಎದುರಿಗೆ ಕುಳಿತವರದು, ಆಚೆ ತೆಲುಗು, ಈಚೆ ಕನ್ನಡ. ಮನೆಯೊಳಗೆ ಒಂದು, ಪರದೆಯ ಮುಂದೆ ಒಂದು ಭಾಷೆ ಆಡಿದುದರಿಂದ ಅವರ ಯಾವ ಭಾಷೆಯೂ ಕೆಟ್ಟಂತೆ ನಾವು ಕೇಳಿಲ್ಲ. ಇದನ್ನು ಆ ಸೊಸೆಗೂ ಹೇಳಿದೆವು. ಅವಳು ಉತ್ತರ ಕೊಡಲಿಲ್ಲ, ಸೊಪ್ಪಿನ ಕುಕ್ಕೆಯನ್ನು ಎತ್ತಿಕೊಂಡು ಹೋದಳು.

ಮೂರನೆಯ ದಿನ ಹುಡುಗನಿಗೆ ತಾನೂ ಕುರಿಯನ್ನು ಆಡಿಸಬೇಕೆಂಬ ಹಟ ಬಂದಿತು. ಕೆರೆ ಬತ್ತಿ ಜೇಡಿ ಬಿರುಕುಬಿಟ್ಟಿದ್ದಿತು. ಅಜ್ಜಿ ಗೋಧಿಯ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಎರಡು ಚಮಚ ಎಣ್ಣೆ ಹಾಕಿ ನಾದಿಕೊಟ್ಟರು. ಎಣ್ಣೆ ಬಿದ್ದರೆ ಹಿಟ್ಟು ಬೇಗ ಒಣಗುವುದಿಲ್ಲ. ಮನೆಯಲ್ಲಿ ಪ್ರಯತ್ನಿಸುವವರು ಇದನ್ನು ನೆನಪಿಡಬೇಕು. ಕಾಲಿಗೆ ಪೊರಕೆಯ ಕಡ್ಡಿ, ಮುಖಕ್ಕೆ ದೀಪದ ಕಪ್ಪು. ಫೋನನ್ನು ಒಂದು ಸ್ಟೂಲಿನ ಮೇಲೆ ಇಟ್ಟಿಗೆಗೆ ಒರಗಿಸಿ ಅಲುಗದಂತೆ ನಿಲ್ಲಿಸಿದೆವು. ಒಮ್ಮೆ ಸರಿಸುವುದು, ಕೈ ತೆಗೆಯುವುದು, ಒಂದು ಚಿತ್ರ. ಸೆಕೆಂಡಿಗೆ 12ರಂತೆ 96 ಚಿತ್ರಗಳಿಗೆ 8 ಸೆಕೆಂಡಿನ ಆಟವಾಯಿತು; ಹಿಡಿದ ಹೊತ್ತು ಎರಡು ಗಂಟೆಗೆ ಮೇಲ್ಪಟ್ಟು. ನಡುವೆ ಎರಡು ಚಿತ್ರಗಳಲ್ಲಿ ಅಜ್ಜಿಯ ಬಳೆಯ ಕೈ ಬಿದ್ದಿದೆ. ಕುರಿ ನಾಲ್ಕು ಹೆಜ್ಜೆ ನಡೆದು, ದೀಪದ ಕಂಬವನ್ನು ಮೂಸಿ, ಮಗುಚಿ ಬೀಳುವುದು. ಇಷ್ಟೇ ಕಥೆ. ಅದನ್ನು ಓಡಿಸಿದಾಗ ಹುಡುಗ ಅಜ್ಜಿಯ ಕಡೆಗೆ ತಿರುಗಿ, “ಅವ್ವಾ, ನೀನು ಹೇಳು” ಎಂದನು. ಅವರು ತೆಲುಗಿನಲ್ಲಿ ಹೇಳಿದರು. ತಾನು ಅದನ್ನೇ ಕನ್ನಡದಲ್ಲಿ ತಾಯಿಗೆ ಹೇಳಲೆಂದು ಹುಳುಮನೆಗೆ ಓಡಿದನು. ಅವಳು ಕೈಯ ಸೊಪ್ಪನ್ನು ಹಾಗೆಯೇ ಹಿಡಿದು ನಿಂತು ಎರಡು ಸಲ ಹೇಳಿಸಿಕೊಂಡಳು. ಇಂಗ್ಲಿಷಿನ ಸುದ್ದಿ ಎತ್ತಲಿಲ್ಲ.

ನಾವು ಹೊರಡುವ ಬೆಳಗ್ಗೆ ಕಟ್ಟೆಯ ಮೇಲಿಟ್ಟಿದ್ದ ಆ ಕುರಿಯನ್ನು ಕೋಳಿಗಳು ತಿಂದು ಮುಗಿಸಿದ್ದುವು, ಪೊರಕೆಯ ಕಡ್ಡಿಗಳು ನಾಲ್ಕು ಉಳಿದಿದ್ದುವು. ಹುಡುಗ ಬಹಳ ಅತ್ತನು. ಅಜ್ಜಿ ಕೋಳಿಗಳನ್ನು ಎರಡೂ ಭಾಷೆಗಳಲ್ಲಿ ಬೈದು, ಇನ್ನೊಂದು ಹಿಡಿ ಹಿಟ್ಟು ತರಲು ಒಳಕ್ಕೆ ಹೋದರು.