ನಿರ್ಣಾಯಕ ಕ್ಷಣವೋ, ಕಳ್ಳನೋಟವೋ?

ಈಚೆಗೆ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳು ತೆಗೆದ ಕಪ್ಪು ಬಿಳುಪಿನ ಬೀದಿಚಿತ್ರಗಳ ಪ್ರದರ್ಶನವೊಂದು ಏರ್ಪಟ್ಟಿತ್ತು. ಕನ್ನಡ ಮೇಷ್ಟರಿಗೆ ಕ್ಯಾಮೆರಾದ ಗೊಡವೆ ಏಕೆಂದು ವಾಚಕರು ಕೇಳಬಹುದು; ತೀರ್ಪುಗಾರರಲ್ಲಿ ಒಬ್ಬರು ಬಾರದೆ ಹೋದುದರಿಂದ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು, ಅಷ್ಟೆ. ಅಲ್ಲಿ ಒಂದು ಚಿತ್ರ. ಹೂ ಮಾರುವ ಹೆಂಗಸೊಬ್ಬಳು ಬುಟ್ಟಿಯನ್ನು ಸೊಂಟಕ್ಕೆ ಅವಚಿಕೊಂಡು, ಉದ್ದನೆಯ ಬಿಳಿ ಗೋಡೆಯ ಮುಂದೆ ಓಡುತ್ತಿದ್ದಾಳೆ. ಚಿತ್ರದ ಅಂಚಿನಲ್ಲಿ ಲಾಠಿಯ ತುದಿಯಷ್ಟೇ ಕಾಣುತ್ತದೆ, ಹಿಡಿದವನು ಕಾಣುವುದಿಲ್ಲ. ಕೆಳಗೆ ‘ನಿರ್ಣಾಯಕ ಕ್ಷಣ’ ಎಂದು ಹೆಸರು. ಚಿತ್ರ ನನಗೆ ಬಹಳ ಮೆಚ್ಚಿಗೆಯಾಯಿತು, ಹೆಸರು ಆಗಲಿಲ್ಲ.

ಈ ಹೆಸರಿಗೊಂದು ಕಥೆಯಿದೆ. ಫ್ರಾನ್ಸಿನ ಛಾಯಾಚಿತ್ರಕಾರ ಆನ್ರಿ ಕಾರ್ತಿಯೇ ಬ್ರೆಸನ್ (1908–2004) ತಮ್ಮ ಚಿತ್ರಗಳ ದೊಡ್ಡ ಸಂಪುಟವನ್ನು 1952ರಲ್ಲಿ ಹೊರತಂದರು. ರಕ್ಷಾಪುಟವನ್ನು ರಚಿಸಿದವರು ಮಾತೀಸ್. ಅದರ ಫ್ರೆಂಚ್ ಹೆಸರು ‘ಇಮಾಜ್ ಆ ಲಾ ಸೊವೆತ್’. ಪರವಾನಗಿಯಿಲ್ಲದೆ ಬೀದಿಬದಿಯಲ್ಲಿ ಸರಕು ಹರಡಿ, ಪೋಲೀಸರ ತಲೆ ಕಂಡೊಡನೆ ಗಂಟು ಕಟ್ಟಿ ಓಡುವವನ ವ್ಯಾಪಾರಕ್ಕೆ ಫ್ರೆಂಚರು ಬಳಸುವ ನುಡಿಗಟ್ಟು ಅದು. ಅವಸರವೂ ಕಳ್ಳತನವೂ ಅದರಲ್ಲಿ ಕೂಡಿವೆ. ಇಂಗ್ಲಿಷಿಗೆ ಬರುವಾಗ ಪ್ರಕಾಶಕರು, ಮುನ್ನುಡಿಯ ನೆತ್ತಿಯ ಮೇಲಿದ್ದ ಕಾರ್ಡಿನಲ್ ದ ರೆ ಅವರ ಮಾತೊಂದರಿಂದ ಹೆಕ್ಕಿ ‘ದಿ ಡಿಸೈಸಿವ್ ಮೊಮೆಂಟ್’ ಎಂದು ಕರೆದರು. ಕಳ್ಳ ಸೇನಾಪತಿಯಾದ. ನಾವು ಕನ್ನಡಕ್ಕೆ ತಂದದ್ದು ಈ ಸೇನಾಪತಿಯನ್ನು. ‘ಕಳ್ಳನೋಟ’ ಎಂಬ ಸೊಗಸಾದ ಮಾತು ನಮ್ಮಲ್ಲಿ ಇದ್ದೂ.

ಅವರ ಅತ್ಯಂತ ಪ್ರಸಿದ್ಧ ಚಿತ್ರ 1932ರದು. ಪ್ಯಾರಿಸಿನ ಸ್ಯಾಂ ಲಜಾರ್ ರೈಲುನಿಲ್ದಾಣದ ಹಿಂಭಾಗ, ನಿಂತ ನೀರು, ನೀರಿನಲ್ಲಿ ಬಿದ್ದಿರುವ ಏಣಿಯಿಂದ ಒಬ್ಬಾತ ಹಾರಿದ್ದಾನೆ. ಹಿಮ್ಮಡಿ ಇನ್ನೂ ನೀರಿಗೆ ತಾಗಿಲ್ಲ. ಕೆಳಗೆ ಅವನ ನೆರಳು ತಲೆಕೆಳಗಾಗಿ ಅವನನ್ನೇ ಎದುರುಗೊಳ್ಳುತ್ತಿದೆ. ಹಿಂದಿನ ಗೋಡೆಯ ಭಿತ್ತಿಪತ್ರದಲ್ಲಿ ನರ್ತಿಸುವ ಆಕೃತಿಯೊಂದು ಇದೇ ಭಂಗಿಯಲ್ಲಿ ಜಿಗಿಯುತ್ತಿದೆ. ಬಣ್ಣವಿದ್ದಿದ್ದರೆ ಕಣ್ಣು ಹತ್ತು ಕಡೆ ಹಂಚಿಹೋಗುತ್ತಿತ್ತು. ಹಲಗೆಬೇಲಿಯ ಸಂದಿಯಲ್ಲಿ ಕ್ಯಾಮೆರಾ ತೂರಿಸಿ ತೆಗೆದ ಚಿತ್ರ ಇದು. ಎಡಬದಿಗೆ ಹಲಗೆ ಅಡ್ಡ ಬಂದುದರಿಂದ, ಚಿತ್ರವನ್ನು ಕತ್ತರಿಸುವುದನ್ನು ಒಪ್ಪದ ಆತ ಇದನ್ನು ಕತ್ತರಿಸಬೇಕಾಯಿತು. ಮುಪ್ಪಿನಲ್ಲಿ ಇದರ ಮಾತು ಬಂದಾಗ, ಅದೆಲ್ಲ ಅದೃಷ್ಟವೆಂದು ಅವರೇ ಹೇಳಿದ್ದುಂಟು. ನಾನು ಅದನ್ನು ಪೂರ್ತಿಯಾಗಿ ನಂಬುವವನಲ್ಲ. ಅದೇ ವರ್ಷ ಈಯೇರ್ ಊರಿನಲ್ಲಿ ಅವರು ತೆಗೆದ ಇನ್ನೊಂದು ಚಿತ್ರವನ್ನು ನೋಡಿ: ಸುರುಳಿಯಾಗಿ ಇಳಿಯುವ ಮೆಟ್ಟಿಲು, ಕಬ್ಬಿಣದ ಕಟಾಂಜನ, ಕೆಳಗೆ ಬಾಗಿದ ಬೀದಿ. ಎಲ್ಲವೂ ಅಣಿಯಾಗಿದೆ. ಸೈಕಲ್ ಸವಾರ ಬಂದು ಆ ಖಾಲಿ ಜಾಗವನ್ನು ತುಂಬಿ ಹೋಗುತ್ತಾನೆ.

ಭಾಮಿನಿ ಷಟ್ಪದಿಯ ಮೂರನೆಯ ಪಾದದ ಕೊನೆಯಲ್ಲಿ ಒಂದು ಗುರು ಬರುತ್ತದಷ್ಟೆ. ಮೂರು ನಾಲ್ಕರ ಆರು ಗಣಗಳು ಮೊದಲು ನಡೆದು ಬಂದುದರಿಂದಲೇ ಅದಕ್ಕೆ ಆ ತೂಕ. ಅದೊಂದನ್ನೇ ಕಿತ್ತು ಅಂಗೈಮೇಲೆ ಇಟ್ಟುಕೊಂಡರೆ ಎರಡು ಮಾತ್ರೆ, ಬೇರೇನಿಲ್ಲ. ಚಿತ್ರದ ಕ್ಷಣವೂ ಹೀಗೆಯೇ ಎಂದು ನನ್ನ ಎಣಿಕೆ. ಇಂದು ಫೋನಿನ ಗುಂಡಿಯನ್ನು ಒತ್ತಿಹಿಡಿದರೆ ಸಾಲುಸಾಲು ಚಿತ್ರಗಳು ಬೀಳುತ್ತವೆ, ಆಮೇಲೆ ಬೇಕಾದ ಕ್ಷಣವನ್ನು ಆರಿಸಿಕೊಳ್ಳಬಹುದು. ಯಾವ ಗೋಡೆಯ ಎದುರು ನಿಲ್ಲಬೇಕೆಂಬುದನ್ನು ಆ ಯಂತ್ರ ಹೇಳಿಕೊಡುವುದಿಲ್ಲ.

ನಮ್ಮ ಹುಡುಗನನ್ನು ಕರೆದು ವಿಚಾರಿಸಿದೆ. ಬಿಳಿ ಗೋಡೆಯನ್ನು ಕಂಡು, ಅದರ ಮುಂದೆ ಕಪ್ಪಾಗಿ ಯಾರಾದರೂ ಹಾದುಹೋಗಲೆಂದು ನಲವತ್ತು ನಿಮಿಷ ಕಾದಿದ್ದನಂತೆ. ಆ ನಲವತ್ತು ನಿಮಿಷ ‘ಕ್ಷಣ’ ಎಂಬ ಮಾತಿನಲ್ಲಿ ಎಲ್ಲಿದೆ? ಇರಲಿ. “ಆಕೆಯನ್ನು ಒಂದು ಮಾತು ಕೇಳಿದೆಯೇನಪ್ಪ?” ಎಂದೆ. “ಕೇಳಿ ತೆಗೆದರೆ ಓಟ ಎಲ್ಲಿ ಉಳಿಯುತ್ತೆ ಸಾರ್?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬೀದಿಚಿತ್ರದ ಸೊಬಗು ಆ ಕಳವಿನಿಂದಲೇ ಬಂದದ್ದು. ಆದರೆ ಕದ್ದವನು ಕದ್ದೆನೆಂದಾದರೂ ಒಪ್ಪಿಕೊಳ್ಳಬೇಕು. ಓಡುತ್ತಿದ್ದವಳಿಗೆ ಅಂದಿನ ಸಂಪಾದನೆ ಹೋದ ಗಳಿಗೆಯನ್ನು ತನ್ನ ಗೆಲುವಿನ ಗಳಿಗೆಯೆಂದು ಕರೆದುಕೊಳ್ಳಬಾರದು. ಮೊದಲ ಬಹುಮಾನಕ್ಕೆ ಅವನ ಹೆಸರನ್ನೇ ಬರೆದೆ, ಶೀರ್ಷಿಕೆ ಬದಲಿಸೆಂದು ಹೇಳಿದೆ.

ಕಳೆದ ವಾರ ಅವನು ಚಿತ್ರದ ಪ್ರತಿಯೊಂದನ್ನು ಆಕೆಗೆ ಕೊಟ್ಟುಬಂದ. ಬುಟ್ಟಿಯಿಂದ ಜಾರಿ ನೆಲದಲ್ಲಿ ಬಿದ್ದಿದ್ದ ಒಂದು ಮಾರು ಹೂವನ್ನು ಆಕೆ ಕೂಡಲೇ ಬೆರಳಿಟ್ಟು ತೋರಿಸಿದಳಂತೆ. ತೀರ್ಪುಗಾರರಾದ ನಾವು ಮೂವರೂ ಅದನ್ನು ನೋಡಿರಲಿಲ್ಲ.